ಯುದ್ಧಕ್ಕೆ ಮುನ್ನ ಬರುವ ರೂಪಕ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ ತನ್ನ ವಿದೇಶಾಂಗ ನೀತಿಯನ್ನು ತನ್ನ ಜನರಿಗೂ ಜಗತ್ತಿಗೂ ಒಪ್ಪಿಸಲು ಬಳಸಿದ ರೂಪಕಗಳು, ವ್ಯಂಗ್ಯಚಿತ್ರಗಳು ಮತ್ತು ಫೋಟೊಗಳ ಬಗ್ಗೆ ವಿದ್ಯಾರ್ಥಿಗಳು, ಶಿಕ್ಷಕರು, ಪತ್ರಕರ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ಕೆಲವು ಉತ್ತರಗಳು ಉದ್ದವಾಗಿವೆ. ಅಲ್ಲಿ ಹೇಳಬೇಕಾದದ್ದು ಹೆಚ್ಚಿದೆ.

ರೂಪಕ ಕಾವ್ಯದ ಅಲಂಕಾರ. ವಿದೇಶಾಂಗ ನೀತಿಗೂ ಅದಕ್ಕೂ ಏನು ಸಂಬಂಧ?

ಶಾಲೆಯ ವ್ಯಾಕರಣ ಪಾಠವನ್ನು ನೆನಪಿಸಿಕೊಳ್ಳಿ. ಉಪಮೆಯಲ್ಲಿ ಮುಖ ಕಮಲದಂತೆ ಇರುತ್ತದೆ, ರೂಪಕದಲ್ಲಿ ಮುಖವೇ ಕಮಲ. 'ಅಂತೆ' ಎಂಬ ವಾಚಕ ಪದ ಇರುವವರೆಗೆ ಇದು ಬರೀ ಹೋಲಿಕೆ ಎಂಬ ಎಚ್ಚರ ಕೇಳುವವರಿಗೆ ಇರುತ್ತದೆ. ರೂಪಕ ಆ ಪದವನ್ನು ತೆಗೆದುಹಾಕುತ್ತದೆ, ಅದರ ಜೊತೆಗೆ ಎಚ್ಚರವೂ ಹೋಗುತ್ತದೆ.

ವಿದೇಶಾಂಗ ನೀತಿಯಲ್ಲಿ ಇದರ ಬಲ ಹೆಚ್ಚು. ಅಯೋವಾದ ರೈತನಿಗೆ ತನ್ನೂರಿನ ಶಾಲೆ, ರಸ್ತೆ, ತೆರಿಗೆಯ ಬಗ್ಗೆ ಸ್ವಂತ ಅನುಭವವಿದೆ. ಲಾವೋಸ್ ಬಗ್ಗೆ, ಕುವೈತ್ ಬಗ್ಗೆ ಇಲ್ಲ. ಆ ಖಾಲಿ ಜಾಗದಲ್ಲಿ ಉಪಮಾನ ಬಂದು ಕೂರುತ್ತದೆ. ಕೂತ ಮೇಲೆ ಮುಂದಿನ ಕ್ರಮವನ್ನೂ ಅದೇ ಹೇಳಿಕೊಡುತ್ತದೆ. ಒಂದು ದೇಶದ ರಾಜಕೀಯವನ್ನು 'ರೋಗ' ಎಂದರೆ ಪ್ರತ್ಯೇಕಿಸಬೇಕು, 'ಬೆಂಕಿ' ಎಂದರೆ ಈಗಲೇ ಆರಿಸಬೇಕು, 'ಪುಂಡ' ಎಂದರೆ ಬುದ್ಧಿ ಕಲಿಸಬೇಕು. ಮಾತುಕತೆ, ಕಾಯುವುದು, ಸುಮ್ಮನಿರುವುದು ಎಂಬ ದಾರಿಗಳು ಚರ್ಚೆಗೆ ಬರುವ ಮೊದಲೇ ಮುಚ್ಚಿಹೋಗಿರುತ್ತವೆ. ಈ ಪುಟದ ಎಲ್ಲ ಉತ್ತರಗಳೂ ಈ ಒಂದು ಅಂಶದ ಸುತ್ತಲೇ ಇವೆ.

ಇದು ಶೀತಲ ಸಮರದ ಕಾಲದಲ್ಲಿ ಹುಟ್ಟಿದ್ದೇ?

ಅದಕ್ಕಿಂತ ಬಹಳ ಹಳೆಯದು. ಅಮೆರಿಕ ಖಂಡದ ಉದ್ದಗಲಕ್ಕೂ ಹರಡುವುದು ತಮಗೆ ದೈವವೇ ಕೊಟ್ಟ ವಿಧಿ ಎಂಬ ಮಾತು 1845ರಲ್ಲೇ ಪತ್ರಿಕೆಗಳಿಗೆ ಬಂದಿತ್ತು. 1872ರಲ್ಲಿ ಜಾನ್ ಗ್ಯಾಸ್ಟ್ ಎಂಬ ಕಲಾವಿದ ಅದಕ್ಕೊಂದು ಚಿತ್ರ ಬರೆದ. ಮೂಲ ಚಿತ್ರ ಸುಮಾರು 30 ಸೆಂ.ಮೀ. ಎತ್ತರ, 40 ಸೆಂ.ಮೀ. ಅಗಲ ಮಾತ್ರ, ಆದರೆ ಬಣ್ಣದ ಮುದ್ರಣವಾಗಿ ಊರೂರು ತಲುಪಿತು. ಬಿಳಿ ಬಟ್ಟೆಯ ಹೆಣ್ಣೊಬ್ಬಳು ಗಾಳಿಯಲ್ಲಿ ತೇಲುತ್ತ ಪಶ್ಚಿಮಕ್ಕೆ ಬರುತ್ತಿದ್ದಾಳೆ. ಕೈಯಲ್ಲಿ ಶಾಲೆಯ ಪುಸ್ತಕ, ತಂತಿ ಟಪಾಲಿನ ತಂತಿ. ಅವಳ ಹಿಂದೆ ಬೆಳಕು ಮತ್ತು ರೈಲು. ಮುಂದೆ, ಎಡ ಅಂಚಿನ ಕತ್ತಲಿಗೆ, ಮೂಲನಿವಾಸಿಗಳೂ ಕಾಡೆಮ್ಮೆಗಳೂ ಓಡುತ್ತಿದ್ದಾರೆ. ಚಿತ್ರದಲ್ಲಿ ಅವರನ್ನು ಯಾರೂ ಅಟ್ಟುತ್ತಿಲ್ಲ, ಸೈನಿಕರು ಎಲ್ಲೂ ಇಲ್ಲ. ಬೆಳಕು ಬಂದಾಗ ಕತ್ತಲೆ ತಾನಾಗಿ ಸರಿಯಿತು ಎಂಬಂತೆ ಒಂದು ಜನಾಂಗವನ್ನು ಒಕ್ಕಲೆಬ್ಬಿಸಿದ ಕೆಲಸವನ್ನು ತೋರಿಸಲಾಗಿದೆ.

ವ್ಯಂಗ್ಯಚಿತ್ರ ಒಂದು ತಮಾಷೆ. ಅದು ನೀತಿಯನ್ನು ಹೇಗೆ ಸಮರ್ಥಿಸುತ್ತದೆ?

ಒಂದೇ ಚಿತ್ರವನ್ನು ಹತ್ತಿರದಿಂದ ನೋಡೋಣ. 1899ರ ಜನವರಿ 25ರ 'ಪಕ್' ವಾರಪತ್ರಿಕೆಯಲ್ಲಿ ಲೂಯಿ ಡ್ಯಾಲ್‌ರಿಂಪಲ್ ಬರೆದ ಶಾಲಾ ಕೊಠಡಿಯ ಚಿತ್ರ ಅದು. ಸ್ಪೇನ್ ವಿರುದ್ಧದ ಯುದ್ಧ ಗೆದ್ದ ಅಮೆರಿಕ 1898ರ ಡಿಸೆಂಬರ್ 10ರಂದು ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿ, 2 ಕೋಟಿ ಡಾಲರ್ ಕೊಟ್ಟು ಫಿಲಿಪ್ಪೀನ್ಸ್ ಪಡೆದಿತ್ತು. ಸೆನೆಟ್ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ವಸಾಹತು ಬೇಡ ಎನ್ನುವವರು ದೇಶದೊಳಗೇ ಬಹಳ ಮಂದಿ ಇದ್ದರು.

ಮೇಜಿನ ಹಿಂದೆ ಮೇಷ್ಟ್ರು ಅಂಕಲ್ ಸ್ಯಾಮ್, ಅಂದರೆ ಅಮೆರಿಕ. ಮುಂದಿನ ಬೆಂಚಿನಲ್ಲಿ ಮುಖ ಊದಿಸಿಕೊಂಡ ನಾಲ್ಕು ಕಪ್ಪು ಬಣ್ಣದ ಮಕ್ಕಳು: ಫಿಲಿಪ್ಪೀನ್ಸ್, ಹವಾಯಿ, ಪೋರ್ಟೊ ರಿಕೊ, ಕ್ಯೂಬಾ. ಹಿಂದಿನ ಸಾಲಿನಲ್ಲಿ ಶಿಸ್ತಾಗಿ ಓದುತ್ತಿರುವ ಮಕ್ಕಳು ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಮುಂತಾದವರು. ಅವರೂ ಒಂದು ಕಾಲಕ್ಕೆ ಹೊಸಬರೇ ಆಗಿದ್ದರು ಎಂಬ ಸೂಚನೆ ಅಲ್ಲಿದೆ. ಮೂಲನಿವಾಸಿ ಹುಡುಗ ಬಾಗಿಲ ಬಳಿ ಒಬ್ಬನೇ ಕೂತು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಾನೆ. ಕಪ್ಪು ಹುಡುಗ ಕಿಟಕಿ ಒರೆಸುತ್ತಿದ್ದಾನೆ, ಅವನಿಗೆ ಬೆಂಚೇ ಇಲ್ಲ. ಚೀನಾದ ಹುಡುಗ ಹೊಸ್ತಿಲಾಚೆ ನಿಂತಿದ್ದಾನೆ. ಹಿಂದಿನ ಕಪ್ಪುಹಲಗೆಯ ಬರಹದಲ್ಲಿ ವಾದ ನೇರವಾಗಿಯೇ ಇದೆ: ಆಳಿಸಿಕೊಳ್ಳುವವರ ಒಪ್ಪಿಗೆ ಎಂಬುದು ತತ್ತ್ವವಾಗಿ ಒಳ್ಳೆಯದು, ಆದರೆ ಇಂಗ್ಲೆಂಡ್ ತನ್ನ ವಸಾಹತುಗಳ ಒಪ್ಪಿಗೆಗೆ ಕಾಯಲಿಲ್ಲ, ನಾವೂ ಕಾಯಬೇಕಿಲ್ಲ.

ಇಂಗ್ಲೆಂಡ್ ವಿರುದ್ಧ ಸ್ವಾತಂತ್ರ್ಯ ಘೋಷಿಸಿ ಹುಟ್ಟಿದ ದೇಶಕ್ಕೆ ಈ ವಾದವನ್ನು ಭಾಷಣದಲ್ಲಿ ಹೇಳುವುದು ಕಷ್ಟ. ಶಾಲೆಯ ಚಿತ್ರದಲ್ಲಿ ಅದು ಸಲೀಸಾಗಿ ಒಳಗೆ ಬರುತ್ತದೆ, ಏಕೆಂದರೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮಕ್ಕಳ ಒಪ್ಪಿಗೆ ಯಾರೂ ಕೇಳುವುದಿಲ್ಲ. ಚಿತ್ರ ಪ್ರಕಟವಾದ ಹನ್ನೆರಡನೇ ದಿನ, ಫೆಬ್ರುವರಿ 6ರಂದು, ಸೆನೆಟ್ 57-27 ಮತಗಳಿಂದ ಒಪ್ಪಂದಕ್ಕೆ ಒಪ್ಪಿತು. ಅದಕ್ಕೆ ಎರಡು ದಿನ ಮೊದಲೇ ಮನಿಲಾದಲ್ಲಿ ಯುದ್ಧ ಶುರುವಾಗಿತ್ತು. ಆ ಯುದ್ಧದಲ್ಲಿ 4,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು, ಸುಮಾರು 20,000 ಫಿಲಿಪ್ಪೀನೊ ಹೋರಾಟಗಾರರು ಸತ್ತರು. ಹಿಂಸೆ, ಹಸಿವು, ಕಾಯಿಲೆಗಳಿಂದ ಸತ್ತ ಜನಸಾಮಾನ್ಯರು ಸುಮಾರು 2 ಲಕ್ಷ ಎಂಬ ಅಂದಾಜಿದೆ. ಫಿಲಿಪ್ಪೀನ್ಸಿಗೆ ಸ್ವಾತಂತ್ರ್ಯ ಸಿಕ್ಕಿದ್ದು 1946ರ ಜುಲೈ 4ರಂದು. ಚಿತ್ರದ ಶಾಲೆಗೆ ಪರೀಕ್ಷೆಯೂ ಇಲ್ಲ, ಮುಗಿಯುವ ತಾರೀಖೂ ಇಲ್ಲ ಎಂಬುದನ್ನು ನೋಡುಗರು ಗಮನಿಸಲಿಲ್ಲ.

'ಡಾಮಿನೊ ಸಿದ್ಧಾಂತ' ನಿಜವೇ ಸುಳ್ಳೇ?

ಒಂದು ದೇಶ ಕಮ್ಯುನಿಸ್ಟರ ವಶವಾದರೆ ನೆರೆಯ ದೇಶಗಳೂ ಒಂದೊಂದಾಗಿ ವಶವಾಗುತ್ತವೆ ಎಂಬುದು ಈ ಸಿದ್ಧಾಂತ. ಅದನ್ನು ಇತಿಹಾಸವೇ ಪರೀಕ್ಷೆ ಮಾಡಿಬಿಟ್ಟಿದೆ. 1954ರ ಏಪ್ರಿಲ್ 7ರ ಪತ್ರಿಕಾಗೋಷ್ಠಿಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇಂಡೋಚೈನಾದ (ವಿಯೆಟ್ನಾಂ, ಲಾವೋಸ್, ಕಾಂಬೋಡಿಯ) ಬಗ್ಗೆ ಮಾತಾಡುತ್ತ ಸಾಲಾಗಿ ನಿಲ್ಲಿಸಿದ ಡಾಮಿನೊ ಬಿಲ್ಲೆಗಳ ಚಿತ್ರ ಕೊಟ್ಟರು. ಮೊದಲನೆಯದನ್ನು ತಳ್ಳಿದರೆ ಕೊನೆಯದೂ ಬೇಗನೆ ಬೀಳುವುದು ಖಚಿತ ಎಂದರು. ಸರಿಯಾಗಿ ಒಂದು ತಿಂಗಳಿಗೆ, ಮೇ 7ರಂದು, ಡಿಯೆನ್ ಬಿಯೆನ್ ಫುವಿನಲ್ಲಿ ಫ್ರೆಂಚರು ಸೋತರು.

ಈ ರೂಪಕದ ಒಳಗೆ ಏನೇನು ಅಡಗಿದೆ ನೋಡಿ. ಬಿಲ್ಲೆಗಳೆಲ್ಲ ಒಂದೇ ಅಳತೆ, ಹಾಗಾಗಿ ಥಾಯ್ಲೆಂಡಿಗೂ ವಿಯೆಟ್ನಾಮಿಗೂ ಇತಿಹಾಸದಲ್ಲಿ ವ್ಯತ್ಯಾಸವಿಲ್ಲ. ಬಿಲ್ಲೆಗೆ ಒಳಗೆ ಜೀವವಿಲ್ಲ, ಹಾಗಾಗಿ ಅದು ಬೀಳುವುದು ಹೊರಗಿನ ತಳ್ಳುವಿಕೆಯಿಂದ ಮಾತ್ರ. ಭೂಮಾಲೀಕರ ದಬ್ಬಾಳಿಕೆ, ವಸಾಹತುಶಾಹಿಯ ಮೇಲಿನ ಸಿಟ್ಟು ಕಾರಣವಾಗಲಾರವು. ಸಾಲಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಬಿಲ್ಲೆ, ಹಾಗಾಗಿ ಎಷ್ಟೇ ಸಣ್ಣ ದೇಶವಾದರೂ ಅದಕ್ಕಾಗಿ ಎಷ್ಟು ಬೆಲೆ ತೆತ್ತರೂ ಸರಿ.

ಸರ್ಕಾರದೊಳಗೇ ಇದನ್ನು ಒಪ್ಪದವರಿದ್ದರು. ನೇರವಾಗಿ ಕೇಳಿದಾಗ ಸಿಐಎಯ ಅಂದಾಜು ಮಂಡಳಿ 1964ರ ಜೂನ್‌ನಲ್ಲಿ ಅಧ್ಯಕ್ಷ ಜಾನ್ಸನ್ ಅವರಿಗೆ ಕೊಟ್ಟ ಟಿಪ್ಪಣಿಯ ಸಾರ ಇಷ್ಟು: ಲಾವೋಸ್ ಮತ್ತು ದಕ್ಷಿಣ ವಿಯೆಟ್ನಾಂ ಕೈಬಿಟ್ಟುಹೋದರೂ, ಬಹುಶಃ ಕಾಂಬೋಡಿಯ ಒಂದನ್ನು ಬಿಟ್ಟರೆ, ಬೇರೆ ದೇಶಗಳು ಬೇಗನೆ ಕಮ್ಯುನಿಸ್ಟರ ವಶವಾಗುವ ಸಂಭವ ಕಡಿಮೆ. ಮರು ವರ್ಷದ ಮಾರ್ಚ್ 8ರಂದು 3,500 ಮರೀನ್ ಸೈನಿಕರು ಡಾ ನಾಂಗ್‌ನಲ್ಲಿ ಇಳಿದರು.

1975ರಲ್ಲಿ ಏಪ್ರಿಲ್ 17ಕ್ಕೆ ನಾಮ್ ಪೆನ್, 30ಕ್ಕೆ ಸೈಗಾನ್, ವರ್ಷದ ಕೊನೆಗೆ ಲಾವೋಸ್ ಬಿದ್ದವು. ಸಾಲು ಅಲ್ಲಿಗೇ ನಿಂತಿತು. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ ಬೀಳಲಿಲ್ಲ. ಅಷ್ಟೇ ಅಲ್ಲ, 1978ರ ಡಿಸೆಂಬರ್‌ನಲ್ಲಿ ಕಮ್ಯುನಿಸ್ಟ್ ವಿಯೆಟ್ನಾಂ ಕಮ್ಯುನಿಸ್ಟ್ ಕಾಂಬೋಡಿಯದ ಮೇಲೆ ದಾಳಿ ಮಾಡಿತು, 1979ರ ಫೆಬ್ರುವರಿಯಲ್ಲಿ ಕಮ್ಯುನಿಸ್ಟ್ ಚೀನಾ ವಿಯೆಟ್ನಾಂ ಮೇಲೆ ನುಗ್ಗಿತು. ಬಿಲ್ಲೆಗಳು ತಮ್ಮತಮ್ಮಲ್ಲೇ ಹೊಡೆದಾಡಿಕೊಳ್ಳಬಹುದು ಎಂಬ ಕಲ್ಪನೆಗೆ ಆ ರೂಪಕದಲ್ಲಿ ಜಾಗವೇ ಇರಲಿಲ್ಲ. ಅಷ್ಟರಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರೂ, ಅದರ ಎಷ್ಟೋ ಪಟ್ಟು ವಿಯೆಟ್ನಾಮಿನ ಜನರೂ ಸತ್ತಿದ್ದರು.

ರೂಪಕ ಬಳಸಿದ್ದೆಲ್ಲ ಮೋಸವೇ? ಒಳ್ಳೆಯ ಕೆಲಸಕ್ಕೆ ಬಳಕೆಯಾದದ್ದು ಇಲ್ಲವೇ?

ಇದೆ. 1940ರ ಡಿಸೆಂಬರ್ 17ರಂದು ಅಧ್ಯಕ್ಷ ರೂಸ್‌ವೆಲ್ಟ್ ಬ್ರಿಟನ್ನಿಗೆ ಶಸ್ತ್ರಾಸ್ತ್ರ ಎರವಲು ಕೊಡುವ ಯೋಚನೆಯನ್ನು ವಿವರಿಸಿದ್ದು ತೋಟದ ಪೈಪಿನ ಮೂಲಕ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಪೈಪಿನ ಬೆಲೆ 15 ಡಾಲರ್ ಮೊದಲು ಕೊಡು ಎನ್ನುವುದಿಲ್ಲ, ಬೆಂಕಿ ಆರಿದ ಮೇಲೆ ಪೈಪು ವಾಪಸು ಬಂದರೆ ಸಾಕು ಎಂದರು. ಸೆನೆಟರ್ ರಾಬರ್ಟ್ ಟಾಫ್ಟ್ ಅದಕ್ಕೆ ಎದುರು ರೂಪಕ ಹೂಡಿದರು: ಯುದ್ಧ ಸಾಮಗ್ರಿ ಎರವಲು ಕೊಡುವುದು ಚ್ಯೂಯಿಂಗ್ ಗಮ್ ಎರವಲು ಕೊಟ್ಟಂತೆ, ಅದು ವಾಪಸು ಬರುವುದು ಯಾರಿಗೂ ಬೇಡ. ಲೆಕ್ಕದ ದೃಷ್ಟಿಯಿಂದ ಟಾಫ್ಟ್ ಮಾತೇ ಸರಿ, ಸುಮಾರು 5,000 ಕೋಟಿ ಡಾಲರಿನ ನೆರವಿನಲ್ಲಿ ಬಹುಪಾಲು ಹಿಂದಿರುಗಲಿಲ್ಲ. ಆದರೂ 1941ರ ಮಾರ್ಚ್ 11ರಂದು ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು, ಅದು ಹಿಟ್ಲರನ ವಿರುದ್ಧದ ಹೋರಾಟಕ್ಕೆ ಆಧಾರವಾಯಿತು. ಅಂದರೆ ರೂಪಕದ ಗೆಲುವು ನೀತಿಯ ಸರಿತಪ್ಪಿಗೆ ಪುರಾವೆಯಲ್ಲ. ಎರಡನ್ನೂ ಬೇರೆಬೇರೆಯಾಗಿ ತೂಗಬೇಕು.

1991ರ ಕೊಲ್ಲಿ ಯುದ್ಧವನ್ನು ರೂಪಕದ ಅಧ್ಯಯನ ಮಾಡುವವರು ಯಾಕೆ ಮತ್ತೆ ಮತ್ತೆ ಎತ್ತುತ್ತಾರೆ?

ಅಲ್ಲಿ ಪೂರ್ತಿ ಕಥೆಯ ಚೌಕಟ್ಟು ಕಾಣುತ್ತದೆ: ಖಳ, ಬಲಿಪಶು, ರಕ್ಷಕ. ಇರಾಕ್ ಎಂಬ ದೇಶ ಮಾಯವಾಗಿ ಸದ್ದಾಂ ಎಂಬ ಒಬ್ಬ ವ್ಯಕ್ತಿ ಉಳಿದ, ಅವನೇ ಹಿಟ್ಲರ್ ಆದ. ಕುವೈತ್ ಅಸಹಾಯಕ ಸಂತ್ರಸ್ತೆಯಾಯಿತು. ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಯುದ್ಧ ಶುರುವಾಗುವ ಹೊತ್ತಿಗೇ ಇದನ್ನು ಬಿಡಿಸಿ ಬರೆದಿದ್ದರು.

ಖಳನಿಗೆ ಪೂರ್ವಕಥೆ ಇರುವುದಿಲ್ಲ ಎಂಬುದು ಇಲ್ಲಿನ ಗುಟ್ಟು. 1980ರಿಂದ 88ರವರೆಗಿನ ಇರಾನ್-ಇರಾಕ್ ಯುದ್ಧದಲ್ಲಿ ಅಮೆರಿಕ ಇರಾಕಿನ ಕಡೆಗೆ ವಾಲಿತ್ತು. 1982ರಲ್ಲಿ ಇರಾಕನ್ನು ಭಯೋತ್ಪಾದನೆಯ ಪೋಷಕರ ಪಟ್ಟಿಯಿಂದ ತೆಗೆದಿತ್ತು. 1983ರ ಡಿಸೆಂಬರ್‌ನಲ್ಲಿ ವಿಶೇಷ ದೂತರಾಗಿ ಬಾಗ್ದಾದಿಗೆ ಹೋಗಿ ಸದ್ದಾಂ ಕೈ ಕುಲುಕಿದವರು ಡೊನಾಲ್ಡ್ ರಮ್ಸ್‌ಫೆಲ್ಡ್. ಇವೆಲ್ಲ ದಾಖಲೆಯಲ್ಲಿದ್ದರೂ ಕಥೆಯಲ್ಲಿ ಇರಲಿಲ್ಲ. ಇರಾಕ್ ಕುವೈತ್ ಮೇಲೆ ಮಾಡಿದ ಆಕ್ರಮಣ ಅನ್ಯಾಯವೇ, ಅದರಲ್ಲಿ ಅನುಮಾನವಿಲ್ಲ. ಆದರೆ ನಡೆದ ಅನ್ಯಾಯ ಸಾಲದೆಂದು ನಡೆಯದ ಘಟನೆಯನ್ನೂ ಸೇರಿಸಲಾಯಿತು.

1990ರ ಅಕ್ಟೋಬರ್ 10ರಂದು ವಾಷಿಂಗ್ಟನ್ನಿನಲ್ಲಿ ಸಂಸದರ ಮಾನವ ಹಕ್ಕುಗಳ ಗುಂಪೊಂದರ ಮುಂದೆ 15 ವರ್ಷದ ಕುವೈತಿ ಹುಡುಗಿಯೊಬ್ಬಳು ಅಳುತ್ತ ಹೇಳಿಕೆ ಕೊಟ್ಟಳು: ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರುಗಳಿಂದ ಕೂಸುಗಳನ್ನು ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು. ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಇದನ್ನು ಹಲವು ಭಾಷಣಗಳಲ್ಲಿ ಹೇಳಿದರು, ಸೆನೆಟ್ ಚರ್ಚೆಯಲ್ಲೂ ಇದು ಬಂತು. 1991ರ ಜನವರಿ 12ರಂದು ಸೆನೆಟ್ ಯುದ್ಧಕ್ಕೆ ಒಪ್ಪಿದ್ದು ಕೇವಲ 52-47 ಮತಗಳಿಂದ. ಮರುವರ್ಷ ಹೊರಬಿದ್ದ ಸಂಗತಿ: ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು. ಹೇಳಿಕೆಯನ್ನು ಸಜ್ಜುಗೊಳಿಸಿದ್ದು ಕುವೈತಿನ ಹಣ ಪಡೆಯುತ್ತಿದ್ದ ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆ. ಯುದ್ಧದ ನಂತರ ತನಿಖೆ ಮಾಡಿದವರಿಗೆ ಆ ಆರೋಪಕ್ಕೆ ಆಧಾರ ಸಿಗಲಿಲ್ಲ. ಆ ಗುಂಪು ಸಂಸತ್ತಿನ ಅಧಿಕೃತ ಸಮಿತಿಯಲ್ಲ, ಹಾಗಾಗಿ ಪ್ರಮಾಣ ಮಾಡಿ ಹೇಳುವ ಕಟ್ಟುಪಾಡೂ ಇರಲಿಲ್ಲ. ಇಂಥ ಹೇಳಿಕೆ ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ: ಯಾವ ವೇದಿಕೆ, ಪ್ರಮಾಣವಿತ್ತೇ, ವೇದಿಕೆಯ ಖರ್ಚು ಯಾರದ್ದು.

'ಸರ್ಜಿಕಲ್' ದಾಳಿ ಎಂದರೆ ತಪ್ಪೇನು? ನಿಖರತೆ ಒಳ್ಳೆಯದಲ್ಲವೇ?

ಎರಡು ತೊಂದರೆಗಳಿವೆ. ಮೊದಲನೆಯದು ಲೆಕ್ಕದ್ದು. 1991ರಲ್ಲಿ ಟಿವಿಯಲ್ಲಿ ತೋರಿಸಿದ್ದು ಗುರಿಯ ಕಿಟಕಿಗೇ ಹೊಕ್ಕ ಬಾಂಬುಗಳನ್ನು. ಯುದ್ಧ ಮುಗಿದ ಮೇಲೆ ವಾಯುಪಡೆ ಕೊಟ್ಟ ಅಂಕಿಯ ಪ್ರಕಾರ ಹಾಕಿದ 88,500 ಟನ್ ಬಾಂಬುಗಳಲ್ಲಿ ನಿರ್ದೇಶಿತ ಬಾಂಬುಗಳು 6,520 ಟನ್, ನೂರಕ್ಕೆ ಏಳರಷ್ಟು ಮಾತ್ರ.

ಎರಡನೆಯದು ಇನ್ನೂ ಆಳದ್ದು. 1991ರ ಫೆಬ್ರುವರಿ 13ರ ಬೆಳಗಿನ ಜಾವ ಬಾಗ್ದಾದಿನ ಅಮಿರಿಯಾ ಆಶ್ರಯತಾಣದ ಮೇಲೆ ಎರಡು ಲೇಸರ್ ನಿರ್ದೇಶಿತ ಬಾಂಬುಗಳು ಬಿದ್ದವು. ಮೊದಲನೆಯದು ಕಾಂಕ್ರೀಟ್ ಚಾವಣಿಗೆ ತೂತು ಮಾಡಿತು, ಎರಡನೆಯದು ಅದೇ ತೂತಿನ ಮೂಲಕ ಒಳಗೆ ಹೋಗಿ ಸಿಡಿಯಿತು. ಇದಕ್ಕಿಂತ ನಿಖರವಾಗಿ ಹೊಡೆಯಲು ಸಾಧ್ಯವಿಲ್ಲ. ಒಳಗೆ ಮಲಗಿದ್ದ 400ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹೆಂಗಸರು, ಮಕ್ಕಳು. ಅದು ಸೇನಾ ನಿಯಂತ್ರಣ ಕೇಂದ್ರವೆಂದು ಅಮೆರಿಕ ನಂಬಿತ್ತು. ಕೈ ನಡುಗಲಿಲ್ಲ, ರೋಗ ನಿರ್ಣಯ ತಪ್ಪಿತ್ತು. ಶಸ್ತ್ರಚಿಕಿತ್ಸೆ ಎಂಬ ಮಾತು ನಮ್ಮ ಗಮನವನ್ನೆಲ್ಲ ಕೈಯ ಮೇಲೆ ಇಡುತ್ತದೆ. ಒಪ್ಪಿಗೆ ಕೊಟ್ಟವರು ಯಾರು, ಮೇಜಿನ ಮೇಲೆ ಮಲಗಿರುವವರು ಯಾರು ಎಂದು ಕೇಳಲು ಬಿಡುವುದಿಲ್ಲ.

ಕಾರ್ಯಾಚರಣೆಗಳಿಗೆ ಹೆಸರಿಡುವುದರಲ್ಲಿ ಏನಾದರೂ ಅರ್ಥವಿದೆಯೇ?

ಇದೆ. 1989ರ ಡಿಸೆಂಬರ್‌ನ ಪನಾಮ ದಾಳಿಯ ಯೋಜನೆಗೆ ಮೊದಲು ಇದ್ದ ಹೆಸರು 'ಬ್ಲೂ ಸ್ಪೂನ್'. ನೀಲಿ ಚಮಚ ಎಂಬ ಹೆಸರಿನಲ್ಲಿ ಮಗ ಸತ್ತನೆಂದು ಯಾವ ತಾಯಿಗೆ ಹೇಳುವುದು? ಅದು 'ಜಸ್ಟ್ ಕಾಸ್' ಆಯಿತು, ಅಂದರೆ ನ್ಯಾಯಯುತ ಉದ್ದೇಶ. ಆಮೇಲೆ ವರದಿಗಾರರು ದಾಳಿಯ ಹೆಸರು ಹೇಳಿದಾಗಲೆಲ್ಲ ಅದರ ಸಮರ್ಥನೆಯನ್ನೂ ಹೇಳಿದಂತಾಗುತ್ತಿತ್ತು. 2001ರ ಸೆಪ್ಟೆಂಬರ್‌ನಲ್ಲಿ 'ಅನಂತ ನ್ಯಾಯ' ಎಂಬರ್ಥದ ಹೆಸರನ್ನು ಕೆಲವೇ ದಿನಗಳಲ್ಲಿ ಬದಲಿಸಬೇಕಾಯಿತು. ಅನಂತ ನ್ಯಾಯ ಕೊಡುವವನು ದೇವರೊಬ್ಬನೇ ಎಂಬ ಮುಸ್ಲಿಮರ ಆಕ್ಷೇಪ ಅದಕ್ಕೆ ಕಾರಣ.

'ಭಯೋತ್ಪಾದನೆಯ ವಿರುದ್ಧ ಯುದ್ಧ' ರೂಪಕವೋ, ನಿಜವಾದ ಯುದ್ಧವೋ?

ರೂಪಕವಾಗಿ ಶುರುವಾಗಿ ಕಾನೂನಾದದ್ದು. ಭಯೋತ್ಪಾದನೆ ಒಂದು ವಿಧಾನ. ಅದಕ್ಕೆ ರಾಜಧಾನಿ ಇಲ್ಲ, ಶರಣಾಗತಿಗೆ ಸಹಿ ಹಾಕುವ ಸೇನಾಪತಿ ಇಲ್ಲ. ಹಾಗಾಗಿ ಯುದ್ಧ ಮುಗಿಯಿತೆಂದು ಹೇಳುವ ದಿನವೂ ಇಲ್ಲ. ಸೇನಾಬಲ ಬಳಸಲು ಅಧ್ಯಕ್ಷರಿಗೆ ಅನುಮತಿ ಕೊಟ್ಟು 2001ರ ಸೆಪ್ಟೆಂಬರ್ 18ರಂದು ಜಾರಿಯಾದ ಅಧಿಕಾರ ಪತ್ರದ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ 60 ಪದಗಳು. ಕೆಳಮನೆಯಲ್ಲಿ 420 ಮತ ಪರ, ಒಂದೇ ಒಂದು ವಿರುದ್ಧ, ಬಾರ್ಬರಾ ಲೀ ಅವರದು. ಸೆಪ್ಟೆಂಬರ್ 11ರ ದಾಳಿಗೆ ಹೊಣೆಯಾದವರ ವಿರುದ್ಧ ಎಂದಿದ್ದ ಆ ವಾಕ್ಯವನ್ನು ಆಮೇಲೆ ಯೆಮನ್, ಸೊಮಾಲಿಯ, ಸಿರಿಯಾದವರೆಗೆ ಎಳೆಯಲಾಯಿತು.

ಸೆಪ್ಟೆಂಬರ್ 11ರಂದು ಬಿದ್ದ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಇದೇ ಗೋಪುರಗಳ ಮೇಲೆ 1993ರ ಫೆಬ್ರುವರಿ 26ರಂದು ಬಾಂಬ್ ದಾಳಿ ನಡೆದಾಗ ಅಮೆರಿಕ ಅದನ್ನು ಅಪರಾಧ ಎಂದು ಕರೆದಿತ್ತು. ಪೊಲೀಸ್ ತನಿಖೆ, ನ್ಯಾಯಾಲಯ, ಸಾಕ್ಷಿ. 1994ರಲ್ಲಿ ನಾಲ್ವರಿಗೆ ತಲಾ 240 ವರ್ಷ ಸೆರೆ. ಎರಡು ದಾಳಿಗಳ ಗಾತ್ರದಲ್ಲಿ ಭಾರೀ ವ್ಯತ್ಯಾಸವಿದೆ, ನಿಜ. ಆದರೂ ಹೆಸರು ಬದಲಾದ ಕೂಡಲೇ ಸಾಕ್ಷಿಯ ಅಗತ್ಯ, ಸೆರೆಯ ಅವಧಿ, ಯಾರನ್ನು ಎಲ್ಲಿ ಕೊಲ್ಲಬಹುದು ಎಂಬ ನಿಯಮಗಳೆಲ್ಲ ಬದಲಾದವು.

ಫೋಟೊ ಸುಳ್ಳು ಹೇಳುವುದಿಲ್ಲವಲ್ಲ?

ಫೋಟೊದ ಅಂಚಿನಾಚೆ ಏನಿತ್ತು ಎಂದು ಕೇಳಿ. 2003ರ ಏಪ್ರಿಲ್ 9ರಂದು ಬಾಗ್ದಾದಿನ ಫಿರ್ದೋಸ್ ಚೌಕದಲ್ಲಿ ಸದ್ದಾಂ ಪ್ರತಿಮೆ ಬಿದ್ದ ದೃಶ್ಯವನ್ನು ಇಡೀ ಜಗತ್ತು ನೋಡಿತು. ಸಮೀಪದ ಚಿತ್ರಗಳಲ್ಲಿ ಜನಸಾಗರ. ಎತ್ತರದಿಂದ ತೆಗೆದ ಚಿತ್ರಗಳಲ್ಲಿ ಚೌಕದ ಬಹುಭಾಗ ಖಾಲಿ. ಪ್ರತಿಮೆಯನ್ನು ಎಳೆದು ಕೆಡವಿದ್ದು ಅಮೆರಿಕದ ಮರೀನ್ ಪಡೆಯ ಕ್ರೇನ್ ವಾಹನ. ಪ್ರತಿಮೆಯ ಮುಖಕ್ಕೆ ಮೊದಲು ಅಮೆರಿಕದ ಬಾವುಟ ಹೊದಿಸಿ, ಬಳಿಕ ಅದನ್ನು ತೆಗೆದು ಇರಾಕಿನ ಬಾವುಟ ಹಾಕಿದರು. ಚೌಕದ ಪಕ್ಕದಲ್ಲೇ ವಿದೇಶಿ ಪತ್ರಕರ್ತರು ತಂಗಿದ್ದ ಪ್ಯಾಲೆಸ್ಟೈನ್ ಹೋಟೆಲ್ ಇತ್ತು. ಹಿಂದಿನ ದಿನವಷ್ಟೇ ಅಮೆರಿಕದ ಟ್ಯಾಂಕಿನ ಗುಂಡಿಗೆ ಆ ಹೋಟೆಲಿನಲ್ಲಿ ಇಬ್ಬರು ಪತ್ರಕರ್ತರು ಸತ್ತಿದ್ದರು. ನಿರಂಕುಶ ಪ್ರಭುತ್ವ ಕುಸಿದದ್ದು ಸುಳ್ಳಲ್ಲ, ಕುಣಿದವರ ಸಂತೋಷವೂ ಸುಳ್ಳಲ್ಲ. ಆದರೆ ಪ್ರತಿಮೆ ಬಿತ್ತು ಎಂದರೆ ಯುದ್ಧ ಮುಗಿಯಿತು ಎಂಬ ಅರ್ಥ ಆ ಚಿತ್ರಕ್ಕೆ ಅಂಟಿಕೊಂಡಿತು, ಹತ್ಯಾಕಾಂಡದ ವರ್ಷಗಳು ಇನ್ನೂ ಮುಂದೆ ಇದ್ದವು.

ಅದೇ ವರ್ಷದ ಫೆಬ್ರುವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಯುದ್ಧದ ಪರ ವಾದ ಮಂಡಿಸಿದಾಗ, ಹೊರಗಿನ ಗೋಡೆಯಲ್ಲಿದ್ದ ಪಿಕಾಸೊನ 'ಗೆರ್ನಿಕಾ' ಚಿತ್ರದ ನೇಯ್ಗೆ ಪ್ರತಿಗೆ ನೀಲಿ ಪರದೆ ಹಾಕಲಾಗಿತ್ತು. ವೈಮಾನಿಕ ದಾಳಿಗೆ ಸಿಕ್ಕ ಊರಿನ ಚಿತ್ರ ಅದು.

ಯುದ್ಧ ವಿರೋಧಿಗಳ ರೂಪಕಗಳನ್ನು ನಂಬಬಹುದೇ?

ಅವನ್ನೂ ಬಿಡಿಸಿ ನೋಡಬೇಕು. ವಿಯೆಟ್ನಾಂ 'ಕೆಸರು', ಅಮೆರಿಕ ಅದರಲ್ಲಿ ಸಿಕ್ಕಿಕೊಂಡಿತು ಎಂಬುದು ವಿರೋಧಿಗಳ ಮಾತೇ. ಆದರೆ ಕೆಸರಿನಲ್ಲಿ ಬಿದ್ದವನ ಬಗ್ಗೆ ಅಯ್ಯೋ ಎನಿಸುತ್ತದೆ, ಬಿದ್ದದ್ದು ಆಕಸ್ಮಿಕ ಎನಿಸುತ್ತದೆ. ನಡೆದದ್ದು ತಾರೀಖು, ಸಹಿ ಇರುವ ನಿರ್ಧಾರಗಳ ಸರಣಿ. ಅಲ್ಲಿ ಸೇನಾಬಲ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಟ್ಟ 1964ರ ಆಗಸ್ಟ್ 7ರ ಟಾಂಕಿನ್ ನಿರ್ಣಯ ಕೆಳಮನೆಯಲ್ಲಿ 416-0, ಸೆನೆಟ್‌ನಲ್ಲಿ 88-2. 1968ರ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಸೈನಿಕರು. ಇನ್ನೂ ಒಂದು ವಿಷಯ, ಆ 'ಕೆಸರಿ'ನಲ್ಲಿ ಜನ ವಾಸವಾಗಿದ್ದರು.

ರೂಪಕಕ್ಕೆ ಗುರಿಯಾದ ದೇಶ ತಿರುಗಿ ನಿಂತ ಉದಾಹರಣೆ ಇದೆಯೇ?

2013ರ ಏಪ್ರಿಲ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರ್ರಿ ಲ್ಯಾಟಿನ್ ಅಮೆರಿಕವನ್ನು ನಮ್ಮ ಹಿತ್ತಲು ಎಂದರು. ಮೇ 1ರಂದು ಬೊಲಿವಿಯಾದ ಅಧ್ಯಕ್ಷ ಇವೊ ಮೊರಾಲೆಸ್ ಆ ಮಾತನ್ನೂ ಎತ್ತಿ ಹೇಳಿ ಅಮೆರಿಕದ ನೆರವು ಸಂಸ್ಥೆಯನ್ನು ದೇಶದಿಂದ ಹೊರಹಾಕಿದರು.

ಇದೆಲ್ಲ ಅಮೆರಿಕದ್ದು. ಕರ್ನಾಟಕಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ, ಶ್ರೀರಂಗಪಟ್ಟಣದಲ್ಲಿ. ಅಂದಿನ ಪ್ರಬಲ ಶಕ್ತಿ ಬ್ರಿಟನ್. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿ, ಜಾಮೀನಾಗಿ ಇಬ್ಬರು ಎಳೆಯ ಗಂಡುಮಕ್ಕಳನ್ನು ಒಪ್ಪಿಸಬೇಕಾಯಿತು. ರಾಬರ್ಟ್ ಹೋಮ್ ಮುಂತಾದ ಕಲಾವಿದರು ಆ ದೃಶ್ಯವನ್ನು ಬರೆದರು. ಅವರ ಚಿತ್ರಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಕ್ಕಳನ್ನು ಅಕ್ಕರೆಯಿಂದ ಬರಮಾಡಿಕೊಳ್ಳುವ ತಂದೆ. ಒತ್ತೆಯಾಳು ಹಿಡಿದುಕೊಂಡ ಕೆಲಸ ಲಂಡನ್ನಿನಲ್ಲಿ ವಾತ್ಸಲ್ಯದ ಚಿತ್ರವಾಗಿ ಕಂಡಿತು.

1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಗೆಲುವಿನ ನೆನಪಿಗೆ ಪದಕ ಹೊರಡಿಸಿದರು. ಸೈನಿಕರ ದರ್ಜೆಗೆ ತಕ್ಕಂತೆ ಚಿನ್ನದಿಂದ ತವರದವರೆಗೆ ಬೇರೆಬೇರೆ ಲೋಹ. ಒಂದು ಬದಿಯಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿದೆ. ಮೇಲಿನ ಬಾವುಟದಲ್ಲಿ ಅರಬ್ಬಿಯಲ್ಲಿ 'ವಿಜಯಿಯಾದ ದೇವರ ಸಿಂಹ' ಎಂಬ ಮಾತು. ಅದು ಟಿಪ್ಪು ತನ್ನ ಹುಲಿ ಲಾಂಛನದಲ್ಲೇ ಬರೆಸುತ್ತಿದ್ದ ಮಾತು. ಸೋತವನ ಲಾಂಛನವನ್ನೂ ಬಿರುದನ್ನೂ ಕಿತ್ತು ಗೆದ್ದವನಿಗೆ ತೊಡಿಸಿದ್ದಾರೆ. ವ್ಯಾಪಾರಕ್ಕೆ ಬಂದ ಕಂಪನಿಯೊಂದು ರಾಜ್ಯವನ್ನು ನುಂಗಿದ ಸಂಗತಿ ಪದಕದಲ್ಲಿ ಎರಡು ಮೃಗಗಳ ಸಹಜ ಕಾದಾಟವಾಗಿಬಿಟ್ಟಿದೆ.

ಒಂದು ಹೇಳಿಕೆಯನ್ನು ನಾನೇ ಬಿಡಿಸಿ ನೋಡುವುದು ಹೇಗೆ?

ಕಾಗದ ಪೆನ್ನು ಇಟ್ಟುಕೊಂಡು ಮಾಡಿ, ತಲೆಯಲ್ಲೇ ಮಾಡಿದರೆ ರೂಪಕ ಜಾರಿಕೊಳ್ಳುತ್ತದೆ. ಉದಾಹರಣೆಗೆ 2002ರ ಸೆಪ್ಟೆಂಬರ್ 8ರಂದು ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೊಲೀಸಾ ರೈಸ್, ಅಕ್ಟೋಬರ್ 7ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ (1991ರ ಬುಷ್ ಅವರ ಮಗ) ಇರಾಕಿನ ಬಗ್ಗೆ ಹೇಳಿದ್ದನ್ನು ತೆಗೆದುಕೊಳ್ಳಿ: ಹೊಗೆಯಾಡುವ ಬಂದೂಕು ಅಣಬೆ ಮೋಡದ ರೂಪದಲ್ಲಿ ಬರುವವರೆಗೆ ಕಾಯಲಾಗದು.

1. ಉಪಮೇಯ, ಉಪಮಾನ ಬೇರೆ ಮಾಡಿ. ಹೊಗೆಯಾಡುವ ಬಂದೂಕು ಅಂದರೆ ಪತ್ತೇದಾರಿ ಕಥೆಯ ಸಾಕ್ಷಿ. ಅಣಬೆ ಮೋಡ ಅಂದರೆ ಅಣುಬಾಂಬು.
2. ಉಪಮಾನದೊಳಗಿನ ಆದೇಶವನ್ನು ಬರೆಯಿರಿ. ಸಾಕ್ಷಿ ಸಿಗುವುದೂ ನಗರ ಸುಟ್ಟುಹೋಗುವುದೂ ಇಲ್ಲಿ ಒಂದೇ ಕ್ಷಣ. ಆದ್ದರಿಂದ ಸಾಕ್ಷಿ ಕೇಳುವುದೇ ಅಪಾಯ.
3. ಬಿಟ್ಟುಹೋದವರನ್ನು ಪಟ್ಟಿ ಮಾಡಿ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರು ಎಲ್ಲಿ? ಇರಾಕಿನ ಜನರೆಲ್ಲಿ?
4. ಕರ್ತೃ, ಕರ್ಮ, ಕ್ರಿಯೆ ಇರುವ ಸಾದಾ ವಾಕ್ಯ ಬರೆಯಿರಿ: "ಇರಾಕಿನ ಬಳಿ ಅಣುಬಾಂಬು ಇದೆ ಎನ್ನಲು ನಮ್ಮಲ್ಲಿ ಖಚಿತ ಸಾಕ್ಷಿಯಿಲ್ಲ, ಆದರೂ ದಾಳಿ ಮಾಡುತ್ತೇವೆ." ಈ ವಾಕ್ಯಕ್ಕೆ ನೀವು ಮತ ಕೊಡುತ್ತಿದ್ದಿರಾ?
5. ಮುಂದೇನಾಯಿತು ಎಂದು ತಾಳೆ ನೋಡಿ. ಅಕ್ಟೋಬರ್‌ನಲ್ಲಿ ಕೆಳಮನೆ 296-133, ಸೆನೆಟ್ 77-23 ಮತಗಳಿಂದ ಯುದ್ಧಕ್ಕೆ ಅನುಮತಿ ಕೊಟ್ಟವು. 2003ರ ಮಾರ್ಚ್ 7ರಂದು ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಎಲ್‌ಬರದೈ, ಇರಾಕ್ ಅಣ್ವಸ್ತ್ರ ಕಾರ್ಯಕ್ರಮವನ್ನು ಮತ್ತೆ ಶುರು ಮಾಡಿದ್ದಕ್ಕೆ ಆಧಾರ ಸಿಕ್ಕಿಲ್ಲ ಎಂದರು. ಎರಡು ವಾರದೊಳಗೆ ದಾಳಿ ಆರಂಭವಾಯಿತು. ಆ ಕಾರ್ಯಕ್ರಮ 1991ರಲ್ಲೇ ನಿಂತುಹೋಗಿತ್ತೆಂದು ಅಮೆರಿಕದ್ದೇ ಶೋಧ ತಂಡ 2004ರಲ್ಲಿ ವರದಿ ಕೊಟ್ಟಿತು.

ಸಾಮಾನ್ಯವಾಗಿ ತಪ್ಪುವುದು ನಾಲ್ಕನೇ ಹಂತದಲ್ಲಿ. ಒಂದು ರೂಪಕ ತೆಗೆದು ಇನ್ನೊಂದನ್ನು ಹಾಕಿಬಿಡುತ್ತೇವೆ. ವಾಕ್ಯದಲ್ಲಿ ದೇಶದ ಹೆಸರು, ಆಯುಧದ ಹೆಸರು, ಸಂಖ್ಯೆ ಇವು ಬರುವವರೆಗೆ ತಿದ್ದುತ್ತಿರಿ.

ಕನ್ನಡ ಸುದ್ದಿಮನೆಯಲ್ಲಿ ಎಲ್ಲಿ ಎಚ್ಚರ ಬೇಕು?

ನಮ್ಮದೇ ರೂಪಕಗಳಿಂದ ಶುರು ಮಾಡಬೇಕು. 'ವಿಶ್ವದ ದೊಡ್ಡಣ್ಣ' ಎಂದು ಅಮೆರಿಕವನ್ನು ಟೀಕಿಸುವ ವರದಿಯಲ್ಲೂ ಬರೆಯುತ್ತೇವೆ. ಮನೆಯ ದೊಡ್ಡಣ್ಣನಿಗೆ ಗದರುವ ಹಕ್ಕಿದೆ, ತಮ್ಮಂದಿರ ಜವಾಬ್ದಾರಿಯೂ ಇದೆ. ಆ ಹಕ್ಕನ್ನೂ ಜವಾಬ್ದಾರಿಯನ್ನೂ ನಾವೇ ಧಾರೆ ಎರೆದು ಕೊಟ್ಟಂತಾಗುತ್ತದೆ. 'ಡ್ರ್ಯಾಗನ್', 'ಮಗ್ಗುಲ ಮುಳ್ಳು' ಎಂದು ಬರೆದಾಗ ನೂರು ಕೋಟಿಗೂ ಹೆಚ್ಚು ಜನರಿರುವ ನೆರೆಹೊರೆ ಒಂದೇ ಮೃಗವಾಗುತ್ತದೆ, ಕಿತ್ತೆಸೆಯಬೇಕಾದ ಮುಳ್ಳಾಗುತ್ತದೆ.

ಏಜೆನ್ಸಿ ಪ್ರತಿಯನ್ನು ಕನ್ನಡಕ್ಕೆ ತರುವಾಗ ಹೀಗೆ ಮಾಡಿ. 'ಅಡಗುತಾಣ ಉಡೀಸ್' ಎಂಬ ಶೀರ್ಷಿಕೆಯ ಬದಲು ಯಾವ ಊರಿನ ಯಾವ ಕಟ್ಟಡ, ಹೇಳಿದವರು ಯಾರು ಎಂದು ಬರೆಯಿರಿ. 'ಸರ್ಜಿಕಲ್ ದಾಳಿ' ಎಂಬುದು ಸರ್ಕಾರದ ಮಾತಾದರೆ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಸಾದಾ ಬರಹದಲ್ಲಿ 'ವಾಯುದಾಳಿ' ಅಥವಾ 'ಗಡಿ ದಾಟಿ ದಾಳಿ' ಎನ್ನಿ. ಕಾರ್ಯಾಚರಣೆಯ ಹೆಸರನ್ನು ಒಮ್ಮೆ ಕೊಟ್ಟರೆ ಸಾಕು, ನಂತರ ಊರಿನ ಹೆಸರು ಮತ್ತು ತಾರೀಖಿನಿಂದ ಗುರುತಿಸಿ. ನಾಯಕನ ಹೆಸರಿನಿಂದ ದೇಶವನ್ನು ಕರೆಯಬೇಡಿ, ಬಾಂಬು ಬೀಳುವುದು ಊರುಗಳ ಮೇಲೆ. ಸತ್ತವರ ಸಂಖ್ಯೆ ಎರಡು ಕಡೆಯಿಂದ ಎರಡು ಬಂದರೆ ಎರಡನ್ನೂ ಮೂಲದ ಸಮೇತ ಮೊದಲ ಮೂರು ವಾಕ್ಯಗಳೊಳಗೆ ಕೊಡಿ. ಪುಟದಲ್ಲಿ ಜಾಗ ಕಡಿಮೆಯಾದಾಗ ಕೊನೆಯ ಪ್ಯಾರಾ ಮೊದಲು ಹೋಗುತ್ತದೆ, ಸತ್ತವರು ಹೆಚ್ಚಾಗಿ ಇರುವುದು ಅಲ್ಲಿ.